ಹಳೆ ಕಾರಿಗೂ ನ್ಯಾಯವಾದ ಬೆಲೆ ಸಿಗಲಿ

ಹತ್ತು ಹನ್ನೆರಡು ವರ್ಷ ಓಡಿದ ಕಾರು ಅಪಘಾತದಲ್ಲಿ ನಜ್ಜುಗುಜ್ಜಾದರೆ ವಿಮಾ ಕಂಪನಿ ಎಷ್ಟು ಕೊಡಬೇಕು? ಕಡೂರು, ತರೀಕೆರೆ, ಅಜ್ಜಂಪುರದ ಕಡೆ ಈ ಪ್ರಶ್ನೆ ಏಳುವುದು ಕಾರು ಗ್ಯಾರೇಜು ಸೇರಿದ ಮೇಲೆ. ಅಷ್ಟರಲ್ಲಿ ಅದರ ಉತ್ತರ ಪಾಲಿಸಿಯ ಮೊದಲ ಪುಟದಲ್ಲಿ ಅಚ್ಚಾಗಿ ಎಷ್ಟೋ ತಿಂಗಳಾಗಿರುತ್ತದೆ. ಮೂರು ತಾಲ್ಲೂಕುಗಳ ಓದುಗರಿಗೆ ಈ ವಿಷಯವನ್ನು ಕೊಂಚ ಬಿಡಿಸಿಯೇ ಹೇಳಬೇಕಾಗಿದೆ.

ಇಲ್ಲಿನ ಮನೆಗಳ ಮುಂದೆ ನಿಂತಿರುವ ಹಳೆ ಆಲ್ಟೊ, ಓಮ್ನಿ, ಬೊಲೆರೊಗಳು ಶೋಕಿಗೆ ಕೊಂಡವಲ್ಲ. ಅಪರಾತ್ರಿಯಲ್ಲಿ ಶಿವಮೊಗ್ಗದ ಆಸ್ಪತ್ರೆಗೆ ಓಡಬೇಕಾದರೆ, ಅಜ್ಜಂಪುರದ ಈರುಳ್ಳಿ ಬೆಳೆಗಾರ ಬೀಜ ಗೊಬ್ಬರಕ್ಕೆ ಪೇಟೆಗೆ ಹೋಗಿಬರಬೇಕಾದರೆ, ಬೀರೂರಿನಲ್ಲಿ ತಡರಾತ್ರಿ ರೈಲಿಳಿದ ಮಕ್ಕಳನ್ನು ಊರಿಗೆ ಕರೆತರಬೇಕಾದರೆ ಆಗಿಬರುವುದು ಅವೇ. ಅವು ಓಡುವುದೂ ಹಿಂದೆ 206 ಎನಿಸಿಕೊಂಡು ಈಗ 69ನೇ ಸಂಖ್ಯೆ ಪಡೆದಿರುವ ಹೆದ್ದಾರಿಯಲ್ಲಿ, ಅಂದರೆ ನಮ್ಮ ಬಿ.ಎಚ್. ರಸ್ತೆಯಲ್ಲಿ, ಲಾರಿ ಬಸ್ಸುಗಳ ನಡುವೆ. ಇಂಥ ಕಾರೊಂದು ಕೈಬಿಟ್ಟು ಹೋದರೆ ಮತ್ತೊಂದನ್ನು ಕೊಳ್ಳಲು ಅನೇಕ ಕುಟುಂಬಗಳಿಗೆ ವಿಮೆಯ ಹಣವೇ ಆಧಾರ. ಆ ಹಣ ನ್ಯಾಯವಾಗಿ ಬರಬೇಕಾದರೆ ಹೋರಾಟ ಶುರುವಾಗಬೇಕಾದದ್ದು ಪಾಲಿಸಿ ನವೀಕರಿಸುವ ದಿನ. ನಾವು ಹೇಳಹೊರಟ ಮುಖ್ಯ ಮಾತು ಇದೇ.

ಪಾಲಿಸಿಯಲ್ಲಿ ಕಾರಿನ ಬೆಲೆಯನ್ನು ಐಡಿವಿ ಎಂದು ನಮೂದಿಸಿರುತ್ತಾರೆ. ಹೊಸ ಕಾರಿನ ಐಡಿವಿಗೆ ಲೆಕ್ಕವಿದೆ. ಅದೇ ಮಾದರಿಯ ಹೊಸ ಕಾರಿನ ಬೆಲೆಯಲ್ಲಿ ಮೊದಲ ಆರು ತಿಂಗಳಿಗೆ ಶೇ 5, ವರ್ಷ ತುಂಬುವವರೆಗೆ ಶೇ 15, ಎರಡನೇ ವರ್ಷ ಶೇ 20, ಆಮೇಲೆ ಶೇ 30, ಶೇ 40, ಐದನೇ ವರ್ಷಕ್ಕೆ ಶೇ 50 ಕಳೆಯುತ್ತಾರೆ. ಐದು ವರ್ಷ ದಾಟಿತೋ, ಪಟ್ಟಿ ಅಲ್ಲಿಗೆ ಮುಗಿಯಿತು. ಅಲ್ಲಿಂದಾಚೆಗೆ ಕಂಪನಿಯೂ ಮಾಲೀಕರೂ ಮಾತಾಡಿ ಒಪ್ಪಿದ್ದೇ ಬೆಲೆ ಎನ್ನುತ್ತದೆ ನಿಯಮ. ಕಂಪನಿ ತಾನೇ ಒಂದು ಅಂಕಿ ಹಾಕಬಹುದು ಎಂದೇನೂ ಅದು ಹೇಳುವುದಿಲ್ಲ.

ಆದರೆ ಆ ಮಾತುಕತೆ ನಡೆಯುವುದೇ ಅಪರೂಪ. ಅವಧಿ ಮುಗಿಯುವ ಹಿಂದಿನ ದಿನ ಏಜೆಂಟರಿಗೆ ಫೋನು ಹೋಗುತ್ತದೆ. ‘ಎಷ್ಟಾಗುತ್ತೆ ಅಣ್ಣಾ?’ ಎಂಬ ಪ್ರಶ್ನೆ. ಹೇಳಿದ ಮೊತ್ತ ಜಾಸ್ತಿ ಎನಿಸಿದರೆ ‘ಒಂಚೂರು ಕಮ್ಮಿ ಮಾಡಿ’ ಎಂಬ ಕೋರಿಕೆ. ಥರ್ಡ್ ಪಾರ್ಟಿ ಪ್ರೀಮಿಯಂ ಸರ್ಕಾರವೇ ನಿಗದಿ ಮಾಡುವಂಥದ್ದು. 2022ರ ಅಧಿಸೂಚನೆಯಲ್ಲಿ 1000 ಸಿಸಿಯೊಳಗಿನ ಕಾರಿಗೆ 2,094 ರೂಪಾಯಿ, 1500 ಸಿಸಿವರೆಗೆ 3,416 ರೂಪಾಯಿ ಎಂದಿತ್ತು. ಅದನ್ನು ಏಜೆಂಟರು ಇಳಿಸಲಾರರು. ಇಳಿಸಬಹುದಾದದ್ದು ಸ್ವಂತ ಕಾರಿನ ಹಾನಿಗೆ ಕಟ್ಟುವ ಭಾಗವನ್ನು, ಅದಕ್ಕೆ ಇರುವ ಸುಲಭದ ದಾರಿ ಐಡಿವಿಯನ್ನು ಕೆಳಗಿಳಿಸುವುದು. ಆನ್‌ಲೈನಿನಲ್ಲಿ ತಾವೇ ಪಾಲಿಸಿ ಮಾಡಿಸಿಕೊಳ್ಳುವ ಯುವಕರು ಕೂಡ ಕಡಿಮೆ ಪ್ರೀಮಿಯಂ ಎಲ್ಲಿದೆ ಎಂದು ಹುಡುಕುತ್ತಾರೆಯೇ ಹೊರತು ಅದರ ಪಕ್ಕದ ಐಡಿವಿ ಎಷ್ಟಿದೆ ಎಂದು ನೋಡುವುದಿಲ್ಲ.

ಹಾಗೆ ಉಳಿಯುವುದಾದರೂ ಎಷ್ಟು? 2007ಕ್ಕೆ ಮುಂಚಿನ ದರಪಟ್ಟಿಯಲ್ಲಿ ನಮ್ಮಂಥ ಊರುಗಳ ಸಣ್ಣ ಹಳೆ ಕಾರಿಗೆ ಈ ಭಾಗದ ಪ್ರೀಮಿಯಂ ಐಡಿವಿಯ ನೂರು ರೂಪಾಯಿಗೆ ಮೂರೂಕಾಲು ರೂಪಾಯಿಯ ಆಸುಪಾಸಿನಲ್ಲಿತ್ತು. ದರ ಮುಕ್ತವಾದ ಮೇಲೆ ಕಂಪನಿಗಳು ಅದರಲ್ಲೂ ರಿಯಾಯಿತಿ ಕೊಡುತ್ತಿವೆ. ಹಳೆ ದರವನ್ನೇ ಹಿಡಿದರೂ ಐಡಿವಿಯನ್ನು 50 ಸಾವಿರ ಇಳಿಸಿದಾಗ ವರ್ಷಕ್ಕೆ ಉಳಿಯುವುದು ಸುಮಾರು 1,600 ರೂಪಾಯಿ. ಕಾರು ಪೂರ್ತಿ ಹೋದ ದಿನ ಕಳೆದುಕೊಳ್ಳುವುದು ಇಡೀ 50 ಸಾವಿರ. ಇದನ್ನು ಹೇಳದೆ ಸಹಿ ಹಾಕಿಸಿಕೊಳ್ಳುವ ಏಜೆಂಟರು ತಮ್ಮನ್ನು ನಂಬಿದವರಿಗೆ ಅನ್ಯಾಯ ಮಾಡುತ್ತಿದ್ದಾರೆ. ಅದೇ ವರ್ಷದ, ಅದೇ ಮಾದರಿಯ ಕಾರುಗಳು ಶಿವಮೊಗ್ಗ, ಹಾಸನ, ಚಿಕ್ಕಮಗಳೂರಿನಲ್ಲಿ ಎಷ್ಟಕ್ಕೆ ಮಾರಾಟವಾಗುತ್ತಿವೆ ಎಂದು ನಾಲ್ಕು ಕಡೆ ವಿಚಾರಿಸಿ, ಆ ಬೆಲೆಗೆ ಹತ್ತಿರದ ಐಡಿವಿಯನ್ನು ಕೇಳಿ ಹಾಕಿಸಿಕೊಳ್ಳಿ. ಒಂದು ಕಂಪನಿ ಒಪ್ಪದಿದ್ದರೆ ಇನ್ನೊಂದನ್ನು ಕೇಳಿ.

ಒಮ್ಮೆ ನಮೂದಾದ ಐಡಿವಿಗೆ ಬಲವಿದೆ. ಪಾಲಿಸಿಯ ಅವಧಿ ಮುಗಿಯುವವರೆಗೂ, ಕಾರು ಪೂರ್ತಿ ನಷ್ಟವಾದ ಕ್ಲೇಮಿನಲ್ಲಿ ಐಡಿವಿಯನ್ನೇ ಮಾರುಕಟ್ಟೆ ಬೆಲೆಯೆಂದು ಹಿಡಿಯಬೇಕು, ಮತ್ತೆ ಸವಕಳಿ ಕಳೆಯಕೂಡದು ಎಂದು ಪಾಲಿಸಿಯ ಷರತ್ತೇ ಹೇಳುತ್ತದೆ. ಹೀಗಿದ್ದರೂ ‘ನಿಮ್ಮ ಕಾರಿಗೆ ಈಗ ಮಾರ್ಕೆಟ್ಟಿನಲ್ಲಿ ಅಷ್ಟು ಬೆಲೆಯಿಲ್ಲ’ ಎಂದು ಚೌಕಾಸಿಗಿಳಿಯುವವರಿದ್ದಾರೆ. ಅಂಥವರಿಗೆ ಸುಪ್ರೀಂ ಕೋರ್ಟು 2008ರಲ್ಲೇ ಧರ್ಮೇಂದ್ರ ಗೋಯಲ್ ಪ್ರಕರಣದಲ್ಲಿ ಉತ್ತರ ಕೊಟ್ಟಿದೆ. ಪ್ರೀಮಿಯಂ ಪಡೆಯುವಾಗ ಒಪ್ಪಿಕೊಂಡ ಬೆಲೆಯನ್ನು ಪರಿಹಾರ ಕೊಡುವಾಗ ಕಂಪನಿ ನಿರಾಕರಿಸುವಂತಿಲ್ಲ ಎಂದ ನ್ಯಾಯಾಲಯ, ಕೊಟ್ಟಷ್ಟನ್ನು ತೆಗೆದುಕೊಳ್ಳಿ ಎಂಬ ಧೋರಣೆಗಾಗಿ ವಿಮಾ ಕಂಪನಿಗಳನ್ನು ತರಾಟೆಗೂ ತೆಗೆದುಕೊಂಡಿತು. ಚೌಕಾಸಿಯ ಫೋನು ಬಂದಾಗ ಈ ತೀರ್ಪನ್ನು ನೆನಪಿಸಿ, ಅವರು ಹೇಳುವುದನ್ನೆಲ್ಲ ಬರವಣಿಗೆಯಲ್ಲಿ ಕೊಡಿ ಎಂದು ಕೇಳಬೇಕು.

ಇನ್ನು ‘ಟೋಟಲ್ ಲಾಸ್’ ಎಂದು ಯಾವಾಗ ತೀರ್ಮಾನಿಸುತ್ತಾರೆ? ಹಳೆ ಕಾರಿನವರಿಗೆ ದೊಡ್ಡ ಪೆಟ್ಟು ಬೀಳುವುದು ಇಲ್ಲೇ. ಕಾರನ್ನು ಎತ್ತಿ ತರುವ ಮತ್ತು ರಿಪೇರಿ ಮಾಡಿಸುವ ವೆಚ್ಚ ಐಡಿವಿಯ ಶೇ 75ನ್ನು ಮೀರಿದರೆ ಟೋಟಲ್ ಲಾಸ್ ಎಂದು ಪರಿಗಣಿಸಬೇಕು ಎಂಬುದು ಎಲ್ಲರೂ ಹೇಳುವ ನಿಯಮ. ಆದರೆ ಅದರಲ್ಲಿ ‘ಪಾಲಿಸಿಯ ಷರತ್ತುಗಳಿಗೆ ಒಳಪಟ್ಟು’ ಎಂಬ ಇನ್ನೊಂದು ಮಾತೂ ಸೇರಿದೆ. ಅಂದರೆ ಗ್ಯಾರೇಜಿನ ಪೂರ್ತಿ ಎಸ್ಟಿಮೇಟು ಲೆಕ್ಕಕ್ಕೆ ಬರುವುದಿಲ್ಲ. ಸವಕಳಿ ಕಳೆದು ಕಂಪನಿ ಕೊಡಬೇಕಾಗಿ ಬರುವ ಮೊತ್ತವನ್ನು ಹಿಡಿಯುತ್ತಾರೆ. ಸವಕಳಿ ಸಣ್ಣದಲ್ಲ. ರಬ್ಬರು, ಪ್ಲಾಸ್ಟಿಕ್ಕು, ಟೈರು, ಬ್ಯಾಟರಿ, ಏರ್‌ಬ್ಯಾಗಿಗೆ ಶೇ 50. ಲೋಹದ ಭಾಗಗಳಿಗೆ ಐದರಿಂದ ಹತ್ತು ವರ್ಷದ ಕಾರಾದರೆ ಶೇ 40, ಹತ್ತು ದಾಟಿದರೆ ಶೇ 50. ಗಾಜಿಗೆ ಮಾತ್ರ ಕಡಿತವಿಲ್ಲ.

ಲೆಕ್ಕ ಹಾಕಿ ನೋಡೋಣ. ಎಂಟು ವರ್ಷದ ಕಾರು, ಐಡಿವಿ 2 ಲಕ್ಷ. ರಿಪೇರಿ ಎಸ್ಟಿಮೇಟು 2.20 ಲಕ್ಷ. ಅದರಲ್ಲಿ ಲೋಹದ ಭಾಗ 80 ಸಾವಿರ, ಪ್ಲಾಸ್ಟಿಕ್ಕು ಮತ್ತು ಏರ್‌ಬ್ಯಾಗು 80 ಸಾವಿರ, ಗಾಜು 15 ಸಾವಿರ, ಕೆಲಸದ ಕೂಲಿ 45 ಸಾವಿರ. ಸವಕಳಿ ಕಳೆದರೆ ಲೋಹಕ್ಕೆ 48, ಪ್ಲಾಸ್ಟಿಕ್ಕಿಗೆ 40, ಗಾಜಿಗೆ 15, ಕೂಲಿಗೆ 45, ಒಟ್ಟು 1.48 ಲಕ್ಷ. 1500 ಸಿಸಿಯೊಳಗಿನ ಕಾರಿಗೆ ಕಡ್ಡಾಯವಾಗಿ ಕಳೆಯುವ 1,000 ರೂಪಾಯಿ ತೆಗೆದರೆ 1.47 ಲಕ್ಷ. ಐಡಿವಿಯ ಶೇ 75 ಎಂದರೆ 1.50 ಲಕ್ಷ. ಕಾರಿನ ಬೆಲೆಗಿಂತ ರಿಪೇರಿ ಖರ್ಚೇ ಜಾಸ್ತಿಯಾದರೂ ಇದು ಟೋಟಲ್ ಲಾಸ್ ಆಗಲಿಲ್ಲ! ಮಾಲೀಕ ಕೈಯಿಂದ 73 ಸಾವಿರ ಹಾಕಿ, ಛಾಸಿ ತಿರುಚಿದ್ದ ಕಾರನ್ನು ಟಿಂಕರಿಂಗ್ ಮಾಡಿಸಿ ಮತ್ತೆ ರಸ್ತೆಗಿಳಿಸಬೇಕು. ಆಮೇಲೆ ಆ ಕಾರನ್ನು ಒಳ್ಳೆಯ ಬೆಲೆಗೆ ಕೊಳ್ಳುವವರೂ ಇಲ್ಲ, ನಂಬಿ ಮನೆಮಂದಿಯನ್ನು ಕೂರಿಸುವಂತೆಯೂ ಇಲ್ಲ. ಸವಕಳಿ ಕಳೆಯದ ಹೆಚ್ಚುವರಿ ರಕ್ಷಣೆ, ನಮ್ಮ ಜನ ‘ಬಂಪರ್ ಟು ಬಂಪರ್’ ಎನ್ನುವುದು, ಇಷ್ಟು ಹಳೆಯ ಕಾರಿಗೆ ಸಾಮಾನ್ಯವಾಗಿ ಸಿಗುವುದಿಲ್ಲ. ಅತಿ ಹೆಚ್ಚು ಕಡಿತ ಅನುಭವಿಸುವವರಿಗೆ ಅದರಿಂದ ಪಾರಾಗುವ ದಾರಿಯೇ ಮುಚ್ಚಿದೆ. ಬೆಂಗಳೂರು, ಮುಂಬಯಿಯಲ್ಲಿ ಐದು ವರ್ಷಕ್ಕೊಮ್ಮೆ ಕಾರು ಬದಲಿಸುವವರನ್ನು ಕಣ್ಣಮುಂದಿಟ್ಟುಕೊಂಡು ಬರೆದಂತಿರುವ ಈ ಷರತ್ತನ್ನು ವಿಮಾ ನಿಯಂತ್ರಣ ಪ್ರಾಧಿಕಾರ ಬದಲಿಸಲೇಬೇಕು. ಐದು ವರ್ಷ ಮೀರಿದ ಕಾರಿಗೆ, ಸವಕಳಿ ಕಳೆಯದ ರಿಪೇರಿ ವೆಚ್ಚವನ್ನೇ ಶೇ 75ರ ಲೆಕ್ಕಕ್ಕೆ ಹಿಡಿಯಲಿ.

ನಿಯಮ ಬದಲಾಗುವವರೆಗೆ ಸರ್ವೇಯರ್ ಬರೆಯುವ ಪ್ರತಿ ಸಾಲೂ ಮುಖ್ಯ. ಯಾವ ಭಾಗವನ್ನು ಬದಲಿಸಬೇಕು, ಯಾವುದನ್ನು ತಟ್ಟಿ ಸರಿಮಾಡಬಹುದು ಎಂಬ ತೀರ್ಮಾನ ಅವರದು. ಮೇಲಿನ ಲೆಕ್ಕದಲ್ಲಿ ಒಂದು ಬಾಗಿಲು ಬದಲಾಯಿಸಬೇಕು ಎಂದು ಬರೆದಿದ್ದರೆ ಮೊತ್ತ 1.50 ಲಕ್ಷ ದಾಟುತ್ತಿತ್ತು. ಆದ್ದರಿಂದ ಸರ್ವೇಯರ್ ಬಂದಾಗ ಮಾಲೀಕರು ಎದುರಿಗಿರಬೇಕು, ಒಳಗಿನ ಹಾನಿ ಕಾಣುವಂತೆ ಭಾಗಗಳನ್ನು ಬಿಚ್ಚಿಸಿದ ಮೇಲೆ ಮತ್ತೊಮ್ಮೆ ನೋಡಿ ಎಂದು ಕೇಳಬೇಕು, ತಾವೂ ಫೋಟೊ ತೆಗೆದಿಟ್ಟುಕೊಳ್ಳಬೇಕು, ವರದಿಯ ಪ್ರತಿಯನ್ನು ಲಿಖಿತವಾಗಿ ಕೇಳಿ ಪಡೆಯಬೇಕು. ಸರ್ವೇಯರ್ ವರದಿಯೇ ಕೊನೆಯ ಮಾತಲ್ಲ ಎಂದು ಪ್ರದೀಪ್ ಕುಮಾರ್ ಪ್ರಕರಣದಲ್ಲಿ 2009ರಲ್ಲಿ ಸುಪ್ರೀಂ ಕೋರ್ಟು ಹೇಳಿದೆ. 2024ರ ಜೂನ್‌ನಲ್ಲಿ ಪ್ರಾಧಿಕಾರ ಹೊರಡಿಸಿದ ಸುತ್ತೋಲೆಯ ಪ್ರಕಾರ ಕ್ಲೇಮು ತಿಳಿಸಿದ 24 ಗಂಟೆಯೊಳಗೆ ಸರ್ವೇಯರ್ ನೇಮಕವಾಗಬೇಕು, 15 ದಿನದೊಳಗೆ ವರದಿ ಬರಬೇಕು, ವರದಿ ಬಂದ 7 ದಿನದೊಳಗೆ ಕಂಪನಿ ತೀರ್ಮಾನ ತಿಳಿಸಬೇಕು. ಈ ದಿನಗಳ ಲೆಕ್ಕ ನಮ್ಮವರಿಗೆ ಗೊತ್ತಿರಬೇಕು, ಏಕೆಂದರೆ ತಡವಾದಷ್ಟೂ ಕೈಕಚ್ಚುವುದು ಮಾಲೀಕರಿಗೆ. ಕಾರು ನಿಲ್ಲಿಸಿಕೊಂಡ ಜಾಗಕ್ಕೆ ಗ್ಯಾರೇಜಿನವರು ದಿನದ ಬಾಡಿಗೆ ಕೇಳುತ್ತಾರೆ. ಅಪಘಾತದ ಜಾಗದಿಂದ ಕಾರು ಎಳೆತರಲು ಸಾಮಾನ್ಯ ಪಾಲಿಸಿ ಕೊಡುವುದು ಹೆಚ್ಚೆಂದರೆ 1,500 ರೂಪಾಯಿ. ಅಜ್ಜಂಪುರದಿಂದ ಶಿವಮೊಗ್ಗದ ಷೋರೂಮಿಗೆ ಆ ದುಡ್ಡಿಗೆ ಯಾರು ಎಳೆದೊಯ್ದಾರು?

ಟೋಟಲ್ ಲಾಸ್ ಎಂದು ಒಪ್ಪಿದ ಮೇಲೆ ಗುಜರಿಯ ವ್ಯವಹಾರ. ಕಂಪನಿ ಆ ಮುರುಕು ಕಾರಿಗೆ ಹರಾಜಿನಲ್ಲಿ ಬೆಲೆ ಕರೆಯುತ್ತದೆ. 2 ಲಕ್ಷ ಐಡಿವಿಯ ಕಾರಿಗೆ ಗುಜರಿ ಬೆಲೆ 60 ಸಾವಿರ ಬಂತೆನ್ನಿ. ಕಾರನ್ನು ನೀವೇ ಇಟ್ಟುಕೊಂಡರೆ ಕಂಪನಿಯಿಂದ ಬರುವುದು 1.39 ಲಕ್ಷ, ಬಿಟ್ಟುಕೊಟ್ಟರೆ ಒಟ್ಟು 1.99 ಲಕ್ಷ ಕೈಸೇರಬೇಕು. ಎಷ್ಟೋ ಸಲ ಆ 60 ಸಾವಿರವನ್ನು ಗುಜರಿ ಕೊಳ್ಳುವವನೇ ನೇರವಾಗಿ ಮಾಲೀಕರಿಗೆ ಕೊಡುವ ಏರ್ಪಾಡಿರುತ್ತದೆ. ಆಗ ದುಡ್ಡು ಬ್ಯಾಂಕ್ ಖಾತೆಗೆ ಬೀಳುವ ತನಕ ಕಾರಿನ ಕೀಲಿ ಕೊಡಬಾರದು.

ದುಡ್ಡಿಗಿಂತ ದೊಡ್ಡ ಅಪಾಯ ಆರ್‌ಸಿಯಲ್ಲಿದೆ. ಖಾಲಿ 29, 30ನೇ ನಮೂನೆಗಳಿಗೆ ಸಹಿ ಹಾಕಿ, ಆರ್‌ಸಿಯನ್ನೂ ಗುಜರಿಯವನ ಕೈಗಿಟ್ಟು ಬರುವುದು ನಮ್ಮಲ್ಲಿ ವಾಡಿಕೆ. ಆ ಕಾರು ಯಾವುದೋ ಊರಿನಲ್ಲಿ ಅರೆಬರೆ ರಿಪೇರಿಯಾಗಿ ಮತ್ತೆ ಓಡತೊಡಗುತ್ತದೆ, ಹೆಸರು ಮಾತ್ರ ಬದಲಾಗಿರುವುದಿಲ್ಲ. ಅದು ಯಾರಿಗಾದರೂ ಗುದ್ದಿದರೆ? ದಾಖಲೆಯಲ್ಲಿ ಯಾರ ಹೆಸರಿದೆಯೋ ಅವರೇ ಮಾಲೀಕರು, ಪರಿಹಾರದ ಹೊಣೆಯೂ ಅವರದೇ ಎಂದು ನವೀನ್ ಕುಮಾರ್ ಪ್ರಕರಣದಲ್ಲಿ 2018ರಲ್ಲಿ ಸುಪ್ರೀಂ ಕೋರ್ಟು ತೀರ್ಪು ಕೊಟ್ಟಿದೆ. ಕಾರಿಗೆ ವಿಮೆಯೂ ಇಲ್ಲದಿದ್ದರೆ ಆ ಹೊಣೆ ಕಡೂರಿನ ಯಾವುದೋ ತೋಟದ ಮೇಲೆ ಬಂದು ಕೂರಬಹುದು. ಟೋಟಲ್ ಲಾಸ್ ಆದ ಕಾರಿನ ಆರ್‌ಸಿ, ಛಾಸಿ ನಂಬರುಗಳನ್ನು ಅದೇ ಮಾದರಿಯ ಕದ್ದ ಕಾರಿಗೆ ಹಚ್ಚಿ ಮಾರುವ ದಂಧೆಯೂ ಇದೆ. 2020ರಲ್ಲಿ ಲಖನೌ ಪೊಲೀಸರು ಅಂಥ ದೊಡ್ಡ ಜಾಲವನ್ನೇ ಬಯಲಿಗೆಳೆದಿದ್ದರು. ಮೋಟಾರು ವಾಹನ ಕಾಯ್ದೆಯ 55ನೇ ಕಲಮು, ಕಾರು ನಾಶವಾದರೆ ಅಥವಾ ಮತ್ತೆಂದೂ ಬಳಸಲಾಗದಂತಾದರೆ 14 ದಿನದೊಳಗೆ ಸಾರಿಗೆ ಕಚೇರಿಗೆ ತಿಳಿಸಿ ಆರ್‌ಸಿ ಒಪ್ಪಿಸಬೇಕು ಎನ್ನುತ್ತದೆ. ಕೆಎ 66ರ ಕಾರಾದರೆ ತರೀಕೆರೆಯಲ್ಲಿ, ಕೆಎ 18 ಆದರೆ ಚಿಕ್ಕಮಗಳೂರಿನಲ್ಲಿ ಆರ್‌ಸಿ ರದ್ದು ಮಾಡಿಸಿ ರಸೀದಿ ಇಟ್ಟುಕೊಳ್ಳುವುದು ಮಾಲೀಕರಿಗೆ ಬಿಟ್ಟ ಆಯ್ಕೆಯಲ್ಲ, ಕಾನೂನಿನ ಕಟ್ಟಳೆ. ಆರ್‌ಸಿ ಸಮೇತ ಕೊಟ್ಟರೆ ಗುಜರಿಗೆ ಹೆಚ್ಚು ಬೆಲೆ ಎಂದು ಆಸೆ ತೋರಿಸುವವರ ಮಾತಿಗೆ ಯಾರೂ ಬಲಿಯಾಗಬಾರದು.

ಕ್ಲೇಮು ಪೂರ್ತಿ ತಿರಸ್ಕಾರವಾಗುವುದೂ ಹಳೆ ಕಾರುಗಳಲ್ಲಿ ಹೆಚ್ಚು, ಅದಕ್ಕೆ ಕಾರಣಗಳಿವೆ. ಸೆಕೆಂಡ್ ಹ್ಯಾಂಡ್ ಕಾರು ಕೊಂಡವರು ಆರ್‌ಸಿಯಲ್ಲಿ ಹೆಸರು ಬದಲಿಸಿಕೊಂಡು ಪಾಲಿಸಿಯನ್ನು ಹಿಂದಿನ ಮಾಲೀಕರ ಹೆಸರಿನಲ್ಲೇ ಬಿಟ್ಟಿರುತ್ತಾರೆ. ಕಾರಿನ ಜೊತೆಗೆ ತಾನಾಗಿ ವರ್ಗವಾಗುವುದು ಥರ್ಡ್ ಪಾರ್ಟಿ ರಕ್ಷಣೆ ಮಾತ್ರ, ಸ್ವಂತ ಹಾನಿಯ ರಕ್ಷಣೆಗೆ 14 ದಿನದೊಳಗೆ ಕಂಪನಿಗೆ ಅರ್ಜಿ ಹಾಕಿ ಹೆಸರು ಬದಲಿಸಿಕೊಳ್ಳಬೇಕು. ಹಿಂದಿನವರ ನೋ ಕ್ಲೇಮ್ ಬೋನಸ್ಸು ಕೊಂಡವರಿಗೆ ಬರುವುದಿಲ್ಲ. ಅದನ್ನು ತಮ್ಮದೆಂದು ಬರೆಸಿಕೊಂಡರೆ ಕ್ಲೇಮಿಗೆ ಕುತ್ತು. ಹದಿನೈದು ವರ್ಷ ತುಂಬಿದ ಕಾರಿನ ನೋಂದಣಿ ನವೀಕರಿಸದೆ ಓಡಿಸಿದರೆ ಪಾಲಿಸಿ ಚಾಲ್ತಿಯಲ್ಲಿದ್ದರೂ ಪ್ರಯೋಜನವಿಲ್ಲ. ನೋಂದಣಿಯಿಲ್ಲದ ವಾಹನ ರಸ್ತೆಗಿಳಿದರೆ ಅದು ಮೂಲಭೂತ ಷರತ್ತಿನ ಉಲ್ಲಂಘನೆ ಎಂದು 2014ರ ನರಿಂದರ್ ಸಿಂಗ್ ಪ್ರಕರಣದಲ್ಲಿ ತೀರ್ಮಾನವಾಗಿದೆ. ನವೀಕರಣದ ಶುಲ್ಕವನ್ನು 2022ರ ಏಪ್ರಿಲ್‌ನಿಂದ 600 ರೂಪಾಯಿಯಿಂದ 5,000ಕ್ಕೆ ಏರಿಸಿದ ಮೇಲೆ ಮುಂದೂಡುವವರು ಇದ್ದಾರೆ, ಅವರ ಕಷ್ಟ ಅರ್ಥವಾಗುವಂಥದ್ದೇ. ವೈಟ್ ಬೋರ್ಡ್ ಕಾರನ್ನು ಮದುವೆ, ತೀರ್ಥಯಾತ್ರೆಗೆ ಬಾಡಿಗೆಗೆ ಬಿಟ್ಟಾಗ ಅಪಘಾತವಾದರೂ ಕಂಪನಿ ಕೈಯೆತ್ತುತ್ತದೆ. ಆದರೆ ಅಂಥ ಪ್ರಕರಣದಲ್ಲಿ ಪೂರ್ತಿ ನಿರಾಕರಿಸುವ ಬದಲು ಶೇ 75ರವರೆಗೆ ಕೊಡಬಹುದು ಎಂದು 2010ರಲ್ಲಿ ಅಮಲೇಂದು ಸಾಹೂ ಪ್ರಕರಣದಲ್ಲಿ ಸುಪ್ರೀಂ ಕೋರ್ಟು ಹೇಳಿದೆ. ಇದು ಗೊತ್ತಿಲ್ಲದೆ ಕೈಚೆಲ್ಲುವುದು ಬೇಡ. ಹೊಗೆ ತಪಾಸಣೆಯ ಪತ್ರ ಇಲ್ಲವೆಂಬ ಒಂದೇ ಕಾರಣಕ್ಕೆ ಕ್ಲೇಮು ತಿರಸ್ಕರಿಸುವಂತಿಲ್ಲ ಎಂದು 2020ರಲ್ಲಿ ಪ್ರಾಧಿಕಾರವೇ ಸ್ಪಷ್ಟಪಡಿಸಿದೆ.

ಬರೀ ಥರ್ಡ್ ಪಾರ್ಟಿ ಪಾಲಿಸಿ ಇರುವವರ ಕಥೆ ಬೇರೆ. ತಮ್ಮ ಕಂಪನಿಯಿಂದ ಅವರಿಗೆ ಕಾರಿನ ಬಾಬ್ತು ಏನೂ ಬರುವುದಿಲ್ಲ. ತಪ್ಪು ಎದುರಿನ ಲಾರಿ, ಬಸ್ಸಿನದಾದರೆ ಆ ವಾಹನದ ವಿಮಾ ಕಂಪನಿಯ ಮೇಲೆ ಮೋಟಾರು ಅಪಘಾತ ಪರಿಹಾರ ನ್ಯಾಯಮಂಡಳಿಯಲ್ಲಿ ಕಾರಿನ ನಷ್ಟವನ್ನೂ ಕೇಳಬಹುದು. ಗಾಯಕ್ಕೆ ಮಾತ್ರ ಪರಿಹಾರ ಎಂದು ತಿಳಿದು ಎಷ್ಟೋ ಜನ ಸುಮ್ಮನಾಗುತ್ತಾರೆ. ಪೊಲೀಸ್ ದೂರು, ಸ್ಥಳದ ಮಹಜರು, ಕಾರಿನ ಫೋಟೊ ಇರಬೇಕು.

ಕಂಪನಿಯ ತೀರ್ಮಾನ ಒಪ್ಪಿಗೆಯಾಗದಿದ್ದರೆ ಮೊದಲು ಅದರ ದೂರು ವಿಭಾಗಕ್ಕೆ ಬರೆಯಬೇಕು. ಒಂದು ತಿಂಗಳಲ್ಲಿ ಉತ್ತರ ಬಾರದಿದ್ದರೆ ಅಥವಾ ಉತ್ತರ ಸಮಾಧಾನ ತಾರದಿದ್ದರೆ ಬೆಂಗಳೂರಿನ ಜೆ.ಪಿ. ನಗರದ ಜೀವನ ಸೌಧದಲ್ಲಿರುವ ವಿಮಾ ಒಂಬುಡ್ಸ್‌ಮನ್‌ಗೆ ವರ್ಷದೊಳಗೆ ದೂರು ಕೊಡಬಹುದು. ಶುಲ್ಕವಿಲ್ಲ, ವಕೀಲರೂ ಬೇಡ. ಇಲ್ಲವೇ ಚಿಕ್ಕಮಗಳೂರಿನ ಜಿಲ್ಲಾ ಗ್ರಾಹಕರ ಆಯೋಗಕ್ಕೆ ಎರಡು ವರ್ಷದೊಳಗೆ ಹೋಗಬಹುದು. ಕಂಪನಿಯ ಕಚೇರಿ ಬೆಂಗಳೂರಿನಲ್ಲಿರಲಿ, ಪುಣೆಯಲ್ಲಿರಲಿ, ದೂರುದಾರರು ವಾಸವಿರುವ ಜಿಲ್ಲೆಯಲ್ಲೇ ದೂರು ಕೊಡಲು 2019ರ ಕಾಯ್ದೆ ಅವಕಾಶ ಕೊಟ್ಟಿದೆ. ಮನೆಯಲ್ಲಿ ಮಗಳ ಫೀಸು ಕಟ್ಟಬೇಕಿದೆ ಎಂಬ ಒತ್ತಡದಲ್ಲಿ ‘ಪೂರ್ಣ ಮತ್ತು ಅಂತಿಮ’ ಎಂಬ ವೋಚರಿಗೆ ಸಹಿ ಹಾಕಿಬಿಟ್ಟವರೂ ಬಾಗಿಲು ಮುಚ್ಚಿತೆಂದು ಭಾವಿಸಬೇಕಿಲ್ಲ; ಒತ್ತಾಯಕ್ಕೆ ಅಥವಾ ಮೋಸಕ್ಕೆ ಒಳಗಾಗಿ ಹಾಕಿದ ಸಹಿ ಎಂದು ತೋರಿಸಿದರೆ ದೂರು ನಿಲ್ಲುತ್ತದೆ ಎಂದು 1999ರಲ್ಲೇ ಸುಪ್ರೀಂ ಕೋರ್ಟು ಹೇಳಿದೆ. ಸಹಿ ಹಾಕಲೇಬೇಕಾಗಿ ಬಂದರೆ ‘ಆಕ್ಷೇಪಣೆಯೊಂದಿಗೆ’ ಎಂದು ಬರೆದು ಹಾಕುವುದು ಒಳ್ಳೆಯದು.

ನಾವು ಒತ್ತಾಯಿಸುವುದು ಎರಡನ್ನು. ಈ ಮೂರು ತಾಲ್ಲೂಕುಗಳಲ್ಲಿ ವ್ಯವಹಾರ ಮಾಡುವ ಪ್ರತಿ ವಿಮಾ ಕಂಪನಿಯೂ ಐದು ವರ್ಷ ಮೀರಿದ ಕಾರಿನ ಪಾಲಿಸಿ ಕೊಡುವಾಗ ಐಡಿವಿ ಎಷ್ಟು, ಟೋಟಲ್ ಲಾಸ್ ಆದರೆ ಕೈಗೆ ಬರುವುದೆಷ್ಟು, ಇನ್ನೂ 25 ಸಾವಿರ ಏರಿಸಿದರೆ ಪ್ರೀಮಿಯಂ ಎಷ್ಟು ಹೆಚ್ಚುತ್ತದೆ ಎಂಬುದನ್ನು ಕನ್ನಡದಲ್ಲಿ ಒಂದು ಹಾಳೆಯಲ್ಲಿ ಬರೆದು, ಅದಕ್ಕೆ ಪ್ರತ್ಯೇಕ ಸಹಿ ಪಡೆಯಲಿ. ತರೀಕೆರೆಯ ಸಾರಿಗೆ ಕಚೇರಿಯೂ ಚಿಕ್ಕಮಗಳೂರಿನ ಕಚೇರಿಯೂ ಟೋಟಲ್ ಲಾಸ್ ಆದ ಕಾರುಗಳ ಪಟ್ಟಿಯನ್ನು ಕಂಪನಿಗಳಿಂದ ತಿಂಗಳಿಗೊಮ್ಮೆ ತರಿಸಿಕೊಂಡು, ಆರ್‌ಸಿ ಒಪ್ಪಿಸದ ಮಾಲೀಕರಿಗೆ ಪತ್ರ ಬರೆದು ಕರೆಸಲಿ. ಬಂದವರನ್ನು ಮಧ್ಯವರ್ತಿಗಳ ಕೈಗೆ ಬಿಡದೆ ಕೌಂಟರಿನಲ್ಲೇ ಅರ್ಜಿ ತುಂಬಿಸಿ, ಅಂದೇ ಸ್ವೀಕೃತಿ ಕೊಟ್ಟು ಕಳಿಸಲಿ.